ಸೋದರಮಾವನಿಗೆ ಕ್ಷೌರದ ಕತ್ತಿ ಮಾಡಿಕೊಡಬೇಕು, ಮಾಡಿದವರು ಹೇಳಿ

ಚಿಕ್ಕಬಳ್ಳಾಪುರದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನಿಗೆ ಇನ್ನು ನಾಲ್ಕು ತಿಂಗಳಿಗೆ 60 ತುಂಬುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಐಟಿಐ ಓದಿಸಿದವರು ಅವರೇ. ಇವತ್ತಿಗೂ ಮಡಚುವ ಹಳೇ ಕತ್ತಿಯಲ್ಲೇ ಗಡ್ಡ ಮಾಡಿಕೊಳ್ಳುತ್ತಾರೆ. ಮಸೆದು ಮಸೆದು ಅದರ ಅಲಗು ಕಿರುಬೆರಳಷ್ಟೂ ಅಗಲ ಉಳಿದಿಲ್ಲ. ಷಷ್ಟಿಪೂರ್ತಿಗೆ ಹೊಸದೊಂದನ್ನು ನಾನೇ ಕೈಯಾರೆ ಮಾಡಿಕೊಡಬೇಕು ಅಂತ ಆಸೆ. ಹಿಡಿಗೆ ಹಿತ್ತಾಳೆ ಕುಸುರಿ, ಅಲಗಿನ ಮೇಲೆ ಬಳ್ಳಿ, ಬೆನ್ನಿನ ಉದ್ದಕ್ಕೂ ಅರದಲ್ಲಿ ಚಿತ್ತಾರ, ಇಷ್ಟು ಮನಸ್ಸಿನಲ್ಲಿದೆ. ಫಿಟ್ಟರ್ ಕೆಲಸ ಗೊತ್ತು. ಬೆಂಚ್ ಗ್ರೈಂಡರ್ ಇದೆ, ಕುಲುಮೆ ಇಲ್ಲ. ಯಾವ ಉಕ್ಕು ತಗೊಳ್ಳಲಿ? ಚಿತ್ತಾರ ಮೊದಲೋ, ಹದ ಹಾಕುವುದು (ಕಾಯಿಸಿ ಅದ್ದಿ ಉಕ್ಕನ್ನು ಗಟ್ಟಿ ಮಾಡುವುದು) ಮೊದಲೋ? ಮಾಡಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ತುಮಕೂರಿನಿಂದ:

ನಾನು ಎರಡು ವರ್ಷದ ಹಿಂದೆ ನಮ್ಮ ತಂದೆಗೆ ಒಂದು ಮಾಡಿಕೊಟ್ಟೆ. ಮೂರು ಅಲಗು ಕೆಟ್ಟ ಮೇಲೆ ನಾಲ್ಕನೆಯದು ಆಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಉಕ್ಕು. ಗುಜರಿಗೆ ಹೋಗಿ ಲಾರಿ ಪಟ್ಟಾ (ಸ್ಪ್ರಿಂಗಿನ ಪಟ್ಟಿ) ತರಬೇಡಿ. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸು. ಮಚ್ಚಿಗೆ, ಕುಡುಗೋಲಿಗೆ ಅದು ಚಿನ್ನದಂಥದ್ದು. ಆದರೆ ಕೂದಲು ಕತ್ತರಿಸುವ ಬಾಯಿಗೆ 1ರ ಹತ್ತಿರ ಬೇಕು. ಹಳೇ ಬೇರಿಂಗ್ ಬಳೆ ಚೆನ್ನಾಗಿರುತ್ತದೆ ಅಂತ ಹೇಳುತ್ತಾರೆ, ನಿಜವೇ. ಆದರೆ ಕೆಲವು ಬೇರಿಂಗ್‌ಗಳಲ್ಲಿ ಮೇಲ್ಮೈ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ನೋಡಿ ಹೇಳಲು ಆಗುವುದಿಲ್ಲ. ನೀವು ಫಿಟ್ಟರ್ ಅಲ್ವಾ, ಟೂಲ್‌ರೂಮಿನಲ್ಲಿ ಓಎಚ್‌ಎನ್‌ಎಸ್ ಅನ್ನುವ ಹತ್ಯಾರದ ಉಕ್ಕಿನ ಹೆಸರು ಕೇಳಿರುತ್ತೀರಿ. 6 ಮಿಲಿಮೀಟರ್ ದಪ್ಪದ ಅದರದೇ ಪಟ್ಟಿ ಹೊಸದು ತಗೊಳ್ಳಿ. ಎಣ್ಣೆಯಲ್ಲಿ ಹದ ಹಿಡಿಯುತ್ತದೆ, ಸೊಟ್ಟ ಆಗುವುದು ಕಡಿಮೆ.

ಈಗ ಅಳತೆ. ಇಲ್ಲಿ ಸಸಾರ ಮಾಡಬೇಡಿ. ಚಾಕುವನ್ನು ಕಲ್ಲಿನ ಮೇಲೆ ಓರೆ ಹಿಡಿದು ಮಸೆಯುತ್ತೇವೆ, ಕ್ಷೌರದ ಕತ್ತಿಯನ್ನು ಹಾಗಲ್ಲ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತೇವೆ. ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗಿರುತ್ತವೆ. ಅಂದರೆ ಬಾಯಿಯ ಕೋನವನ್ನು ಬೆನ್ನಿನ ದಪ್ಪವೇ ತೀರ್ಮಾನಿಸುತ್ತದೆ. ನನ್ನದು ಅಗಲ 20 ಮಿಲಿಮೀಟರ್, ಬೆನ್ನು 5.5. ಕೋನ 16 ಡಿಗ್ರಿ ಹತ್ತಿರ ಬರುತ್ತದೆ. ಬೆನ್ನು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆದರೆ ಬಾಯಿ ಜನ್ಮದಲ್ಲಿ ನೆಟ್ಟಗೆ ಕೂರುವುದಿಲ್ಲ. ನನ್ನ ಮೊದಲನೇ ಅಲಗು ಕೆಟ್ಟಿದ್ದು ಇದರಿಂದಲೇ. ವರ್ನಿಯರ್ ಹಿಡಿದು ನಾಲ್ಕು ಕಡೆ ನೋಡಿ.

ಇದರಲ್ಲೇ ನಿಮ್ಮ ಚಿತ್ತಾರದ ಉತ್ತರವೂ ಇದೆ. ಬೆನ್ನಿನ ಎರಡು ಪಕ್ಕಗಳು ಕಲ್ಲಿನ ಪಾಲು, ಅಲ್ಲಿ ಅರ ಮುಟ್ಟಿಸಬೇಡಿ. ಬೆನ್ನಿನ ನೆತ್ತಿಯ ಮೇಲೆ, ನಡುವೆ ಮಾತ್ರ ಕೊರೆಯಿರಿ. ಅದಕ್ಕಿಂತ ಒಳ್ಳೆಯ ಜಾಗ ಅಲಗಿಗೂ ಹಿಡಿಗೂ ನಡುವಿನ ಕತ್ತು. ಅಲ್ಲಿ ಎಷ್ಟು ಬೇಕಾದರೂ ಬಳ್ಳಿ ಬಿಡಿಸಿ, ಯಾರೂ ಕೇಳುವುದಿಲ್ಲ. ಅರದ ಕೆಲಸ, ಉಳಿಯ ಕೆಲಸ, ತೂತು ಹೊಡೆಯುವುದು ಎಲ್ಲ ಹದ ಹಾಕುವ ಮೊದಲೇ ಮುಗಿಯಬೇಕು. ಹದ ಹಿಡಿದ ಮೇಲೆ ಅರ ಜಾರುತ್ತದೆ ಅಷ್ಟೇ. ಫೆರಿಕ್ ಕ್ಲೋರೈಡ್ ಹಾಕಿ ಬಳ್ಳಿ ಕೊರೆಯುವುದಾದರೆ ಅದು ಕೊನೆಗೆ. ಉಳಿಯಬೇಕಾದ ಕಡೆಯೆಲ್ಲ ಉಗುರು ಬಣ್ಣ ಬಳಿದು, ಬಳ್ಳಿಯ ಗೆರೆಯನ್ನು ಸೂಜಿಯಲ್ಲಿ ಕೆರೆದು ತೆಗೆದು, ಆಮೇಲೆ ಅದ್ದಿ. ಕೈಗವಸು ಹಾಕಿಕೊಳ್ಳಿ, ಹಿತ್ತಾಳೆ ಕೂರಿಸುವ ಮೊದಲೇ ಮುಗಿಸಿ. ಹಿತ್ತಾಳೆಯನ್ನೂ ಅದು ತಿನ್ನುತ್ತದೆ.

ಅಲಗಿನ ಎರಡೂ ಪಕ್ಕ ಸ್ವಲ್ಪ ಗುಳಿ ತೆಗೆಯಲು 8 ಇಂಚಿನ ಗ್ರೈಂಡರ್ ಚಕ್ರ ಸಾಕು. ಅಲಗಿನ ಪಕ್ಕ ಕಾಲು ಮಿಲಿಮೀಟರ್ ಒಳಗೆ ಹೋದರೆ ಸಾಕು, ಕಲ್ಲು ಬೆನ್ನು-ಬಾಯಿಗೆ ಮಾತ್ರ ತಾಗುತ್ತದೆ. ಅಂಗಡಿಯ ಜರ್ಮನ್ ಕತ್ತಿಯ ಹಾಗೆ ಕಾಗದದಷ್ಟು ತೆಳು ಮಾಡಲು ಹೋಗಬೇಡಿ. ಹದಕ್ಕೆ ಮುಂಚೆ ಬಾಯಿಯಲ್ಲಿ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿಯೇ ದಪ್ಪ ಬಿಡಿ.

ಇನ್ನು ಹದ. ನನ್ನ ಎರಡನೇ ಅಲಗನ್ನು ನಮ್ಮೂರ ಕುಲುಮೆಗೆ ತಗೊಂಡು ಹೋದೆ. ಆಚಾರ್ರು ಕುಡುಗೋಲಿಗೆ ಹಾಕುವ ಹಾಗೆ ನೀರಿಗೆ ಹಾಕಲೇ ಅಂತ ಕೇಳಿದರು. ನಾನೇ ಹ್ಞೂಂ ಅಂದುಬಿಟ್ಟೆ. ನೀರಿನೊಳಗಿಂದ ಟಿಣ್ ಅಂತ ಒಂದು ಸದ್ದು ಬಂತು, ಬಳೆ ಒಡೆದ ಹಾಗೆ. ತೆಗೆದು ನೋಡಿದರೆ ಬಾಯಿಂದ ಬೆನ್ನಿನವರೆಗೆ ಕೂದಲೆಳೆ ಬಿರುಕು. ಇಪ್ಪತ್ತು ದಿನದ ಅರದ ಕೆಲಸ ಅದರ ಮೇಲಿತ್ತು. ಮೂರನೆಯದು ಎಣ್ಣೆಯಲ್ಲೇ ಅದ್ದಿದ್ದು, ಆದರೆ ಬಾಯಿ ಮೊದಲೇ ತೀರಾ ತೆಳು ಮಾಡಿದ್ದೆ. ಬಾಳೆ ಎಲೆಯ ಅಂಚಿನ ಹಾಗೆ ಅಲೆ ಅಲೆಯಾಯಿತು.

ನಾಲ್ಕನೆಯದು ಅದೇ ಆಚಾರ್ರ ಕುಲುಮೆಯಲ್ಲೇ ಆಯಿತು. ಸಂಜೆ ಕತ್ತಲಾದ ಮೇಲೆ ಬಾ ಅಂದರು. ಹಗಲಲ್ಲಿ ಬಣ್ಣ ಮೋಸ ಮಾಡುತ್ತದೆ. ತಿದಿ ನಿಧಾನಕ್ಕೆ ಒತ್ತುತ್ತಾ ಬೆನ್ನನ್ನು ಕೆಂಡದ ಕಡೆ ಇಟ್ಟು ಕಾಯಿಸಿದರು. ನಾನು ತಂತಿಗೆ ಕಟ್ಟಿದ ಅಯಸ್ಕಾಂತ ಹಿಡಿದು ನಿಂತಿದ್ದೆ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಚೂರು ಮೇಲೆ, 800ರ ಹತ್ತಿರ. ಮುತ್ತುಗದ ಹೂವಿನ ಬಣ್ಣ ಬಂತು. ಬೆಚ್ಚಗೆ ಮಾಡಿಟ್ಟ ಕಡಲೆಕಾಯಿ ಎಣ್ಣೆಗೆ ಮೂತಿ ಮೊದಲು ಮಾಡಿ ನೆಟ್ಟಗೆ ಇಳಿಸಿದೆ. ಭಗ್ ಅಂತ ಉರಿ ಎದ್ದಿತು. ತಗಡಿನ ಮುಚ್ಚಳ, ಉದ್ದ ಇಕ್ಕಳ ಪಕ್ಕದಲ್ಲೇ ಇರಲಿ, ಮೇಲೆ ಹುಲ್ಲಿನ ಚಾವಣಿ ಇರುವ ಕಡೆ ಬೇಡವೇ ಬೇಡ. ತಣಿದ ಮೇಲೆ ಹೊಸ ಅರ ಎಳೆದು ನೋಡಿದೆ. ಗಾಜಿನ ಮೇಲೆ ಎಳೆದಂತೆ ಜಾರಿತು. ಆಚಾರ್ರು ಏನೂ ಹೇಳಲಿಲ್ಲ, ಅಲಗನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

ಅದೇ ರಾತ್ರಿ ಮನೆಯ ಓಟಿಜಿ ಒಲೆಯಲ್ಲಿ 200 ಡಿಗ್ರಿಗೆ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ ಇಟ್ಟೆ. ಒಣಹುಲ್ಲಿನ ತಿಳಿ ಬಣ್ಣ ಬರಬೇಕು. ಇದನ್ನು ಬಿಟ್ಟರೆ ಅಲಗು ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಆಮೇಲೆ ಗ್ರೈಂಡರಿಗೆ ಹಿಡಿದಾಗಲೆಲ್ಲ ಬರಿಗೈಯಲ್ಲಿ ಹಿಡಿದು ಹಿಡಿದು ನೀರಿಗೆ ಅದ್ದಿ. ಬಾಯಲ್ಲಿ ನೀಲಿ ಬಂತೋ, ಅಲ್ಲಿಗೆ ಹದ ಹೋಯಿತು.

ನಿಮಗೆ ಕುಲುಮೆ ಸಿಗದಿದ್ದರೆ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಕಡೆ ಕೊಡಬಹುದು. ಓಎಚ್‌ಎನ್‌ಎಸ್, ರಾಕ್‌ವೆಲ್ 60ರಿಂದ 62 ಅಂತ ಹೇಳಿದರೆ ಸಾಕು, ಅದು ಗಡಸುತನದ ಅಳತೆ. ಆದರೂ ಆಗುವುದಾದರೆ ಕುಲುಮೆಯಲ್ಲೇ ಮಾಡಿಸಿ. ನಮ್ಮ ಸೀಮೆಗೆ ಈ ಕೆಲಸ ಹೊಸದಲ್ಲ. 1800ರಲ್ಲಿ ಬ್ರಿಟಿಷರ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಈ ಕಡೆ ಸುತ್ತಿದಾಗ ಮಧುಗಿರಿ ಸುತ್ತಮುತ್ತ ಕಬ್ಬಿಣ, ಉಕ್ಕು ಕಾಯಿಸುವುದನ್ನು ಕಂಡು ಬರೆದಿದ್ದಾನೆ. ಈ ಕಡೆಯ ಹಳೇ ಉಕ್ಕಿಗೆ ಇಂಗ್ಲಿಷಿನಲ್ಲಿರುವ ವೂಟ್ಜ್ ಅನ್ನುವ ಹೆಸರು ನಮ್ಮ ಉಕ್ಕು ಪದದಿಂದಲೇ ಹುಟ್ಟಿದ್ದು ಅನ್ನುತ್ತಾರೆ. ಆ ಉಕ್ಕಿನ ಗುಟ್ಟು ಹುಡುಕಲು ಹೋದವರಲ್ಲಿ ವಿಜ್ಞಾನಿ ಮೈಕಲ್ ಫ್ಯಾರಡೆಯೂ ಒಬ್ಬ, ಕಮ್ಮಾರನ ಮಗ. 1819ರಿಂದ 1822ರವರೆಗೆ ಸ್ಟೋಡಾರ್ಟ್ ಅನ್ನುವ ಚಾಕು ತಯಾರಕನ ಜೊತೆ ಸೇರಿ ಬಗೆಬಗೆಯ ಉಕ್ಕು ಮಾಡಿ ನೋಡಿದ. ಆಗ ಸಿಕ್ಕ ಒಂದು ಉಕ್ಕಿನಲ್ಲಿ ಮಾಡಿದ ಕ್ಷೌರದ ಕತ್ತಿಗಳನ್ನು ಎಷ್ಟೋ ವರ್ಷದ ನಂತರವೂ ಗೆಳೆಯರಿಗೆ ಪ್ರೀತಿಯಿಂದ ಉಡುಗೊರೆ ಕೊಡುತ್ತಿದ್ದನಂತೆ. ಕ್ಷೌರದ ಕತ್ತಿ ಯಾರಾದರೂ ಉಡುಗೊರೆ ಕೊಡುತ್ತಾರಾ ಅಂತ ಮನೆಯಲ್ಲಿ ಕೇಳಿದಾಗ ನಾನು ಈ ಕಥೆ ಹೇಳಿದ್ದೆ.

ಕೋಲಾರದಿಂದ:

ಮೇಲಿನ ಅಣ್ಣ ಅಲಗಿನ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಮರದ ಕೆಲಸ ಮಾಡುವವಳು, ಹಿಡಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಹಿಡಿ ಅಂದರೆ 15 ಸೆಂಟಿಮೀಟರ್ ಉದ್ದದ ಎರಡು ಹಲಗೆ, ಒಂದೊಂದು 3 ಮಿಲಿಮೀಟರ್ ದಪ್ಪ. ಒಂದು ತುದಿಯಲ್ಲಿ ಅಲಗು ತಿರುಗುವ ಮೊಳೆ, ಇನ್ನೊಂದು ತುದಿಯಲ್ಲಿ ನಡುವೆ ಒಂದು ಬೆಣೆ. ಈ ಬೆಣೆಯನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಇಳಿಜಾರಾಗಿರಬೇಕು. ಆಗ ಹಲಗೆಗಳು ಬಿಲ್ಲಿನಂತೆ ಸ್ವಲ್ಪ ಬಿಗಿದು ಅಲಗನ್ನು ಹಿಡಿಯುತ್ತವೆ. ಮಡಚಿದಾಗ ಬಾಯಿ ಹಲಗೆಗೆ ತಾಗಬಾರದು, ಸರಿಯಾಗಿ ನಡುವೆ ಕೂರಬೇಕು. ನಾನು ರಟ್ಟಿನಲ್ಲಿ ಒಂದು ಹಿಡಿ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಮಡಚಿ ಬಿಚ್ಚಿ ನೋಡಿಯೇ ಮರ ಮುಟ್ಟುತ್ತೇನೆ. ಮೊಳೆಗೆ 1.6 ಮಿಲಿಮೀಟರ್ ಹಿತ್ತಾಳೆ ಕಂಬಿ, ಎರಡೂ ಕಡೆ ಪುಟ್ಟ ವಾಷರ್. ಚಿಕ್ಕ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟುತ್ತಾ ತಲೆ ಅರಳಿಸಿ. ಒಂದೇ ಏಟಿಗೆ ಜೋರಾಗಿ ಹೊಡೆದರೆ ಹಲಗೆ ಸೀಳುತ್ತದೆ.

ಮರ ಯಾವುದು ಅಂದರೆ ಬೀಟೆ ಒಳ್ಳೆಯದು. ನನಗೆ ಇಷ್ಟವಾದದ್ದು ಹಳೇ ತೆಂಗಿನ ಮರದ ಬುಡದ ಹೊರಭಾಗ. ಕಪ್ಪು ಗೆರೆ ಗೆರೆ, ಕಬ್ಬಿಣದಷ್ಟು ಗಟ್ಟಿ. ನಾರು ಎದ್ದು ಸಿಬಿರು ಚುಚ್ಚುತ್ತದೆ, ಅದಕ್ಕೆ ಫೆವಿಕ್ವಿಕ್ ಕುಡಿಸಿ, ಒಣಗಿದ ಮೇಲೆ ಎಮರಿ ಪೇಪರ್ ಹಾಕಿ. ನಿಮ್ಮ ಮಾವನವರ ಮನೆಯ ಹಿಂದೆ ಹಳೇ ತೆಂಗಿನ ತೊಲೆ ಏನಾದರೂ ಬಿದ್ದಿದೆಯಾ ನೋಡಿ, ಅದಕ್ಕಿಂತ ಬೆಲೆಬಾಳುವುದು ಇನ್ನೇನಿದೆ. ಕರಟ ಚೆನ್ನಾಗಿ ಹೊಳೆಯುತ್ತದೆ, ಆದರೆ ಅದು ಬಾಗಿರುತ್ತದೆ, ಅಷ್ಟು ಉದ್ದದ ಹಲಗೆ ಬರುವುದಿಲ್ಲ. ಚಿಕ್ಕ ಚಂದ್ರ, ಎಲೆ ಕತ್ತರಿಸಿ ಮರದಲ್ಲಿ ಕೂರಿಸಬಹುದು. ದಂತ, ಜಿಂಕೆ ಕೊಂಬು ಯಾರಾದರೂ ಕೊಡುತ್ತೇನೆ ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಕಾಯ್ದೆ ಇದೆ, ಸಮಾರಂಭದ ಮನೆಗೆ ಅದು ಯಾಕೆ? ಎಮ್ಮೆ ಕೊಂಬು ಆಗುತ್ತದೆ.

ಹಿತ್ತಾಳೆ ಕುಸುರಿ ತೀರಾ ತುಂಬಬೇಡಿ. ನಾನು ಒಂದು ಹಿಡಿಗೆ ನವಿಲು ಕೂರಿಸಬೇಕು ಅಂತ ಚಿತ್ರ ಬರೆದು ಮಾಲೂರು ಕಡೆ ಶಿವಾರಪಟ್ಟಣಕ್ಕೆ ಹೋಗಿದ್ದೆ, ವಿಗ್ರಹ ಮಾಡುವವರ ಊರು. ಅಲ್ಲೊಬ್ಬ ಹಿರಿಯ ಶಿಲ್ಪಿ ನನ್ನ ಚಿತ್ರ ನೋಡಿ, ಬಾಲದ ಹದಿನಾರು ಗರಿಯಲ್ಲಿ ಹತ್ತನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದರು. "ಇಷ್ಟು ಚಿಕ್ಕ ಜಾಗಕ್ಕೆ ಆರೇ ಸಾಕಮ್ಮ, ಕಣ್ಣಿಗೆ ಉಸಿರಾಡೋಕೆ ಜಾಗ ಬೇಡ್ವಾ" ಅಂದರು. ಕೂರಿಸಿ ನೋಡಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು.

ಸಿರಾದಿಂದ:

ನಮ್ಮ ಮನೆತನದ ಕಸುಬು ಕ್ಷೌರ. ತಾತ ಕತ್ತಿಯನ್ನು ಕಲ್ಲಿಗೆ ಹಿಡಿದು, ಆಮೇಲೆ ಅಂಗೈ ಮೇಲೆ ಸರ್ ಸರ್ ಅಂತ ಎಳೆಯುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಅವರ ಎಡ ಅಂಗೈ ಚರ್ಮದ ಪಟ್ಟಿಯ ಹಾಗೆ ಹೊಳೆಯುತ್ತಿತ್ತು.

ತಮ್ಮಾ, ಮಾವನವರ ಹಳೇ ಕತ್ತಿಯನ್ನು ಒಂದು ದಿನ ಕೇಳಿ ತಂದು ನೋಡು. ಬೆನ್ನು ಎಲ್ಲಿ ಜಾಸ್ತಿ ಸವೆದಿದೆ, ಬಾಯಿ ಮೂತಿಯ ಕಡೆ ಸವೆದಿದೆಯಾ ಬುಡದ ಕಡೆಯಾ? ಅವರ ಕೈ ಹೇಗೆ ಓಡುತ್ತದೆ ಅಂತ ಅದೇ ಹೇಳುತ್ತದೆ. ಹಿಡಿಯ ಉದ್ದ, ತೂಕ ಅದಕ್ಕೆ ಹತ್ತಿರ ಇರಲಿ. 30 ವರ್ಷ ಒಂದು ತೂಕಕ್ಕೆ ಒಗ್ಗಿದ ಕೈ ಅದು. ಹಿತ್ತಾಳೆ ಜಾಸ್ತಿ ಆಗಿ ಹಿಡಿ ಭಾರ ಆದರೆ ಗಂಟಲ ಹತ್ತಿರ ಕತ್ತಿ ಹಿಂದಕ್ಕೆ ಎಳೆಯುತ್ತದೆ. ಮೂತಿ ಚೂಪು ಬೇಡ, ದುಂಡಗೆ ಮಾಡು. 60 ದಾಟಿದ ಮೇಲೆ ಕಿವಿ ಹತ್ತಿರ ಕಣ್ಣು ಅಷ್ಟು ಸಾಲದು.

ಮಸೆಯುವುದು ಚಿತ್ತಾರಕ್ಕಿಂತ ದೊಡ್ಡ ಕೆಲಸ. 1000 ನಂಬರಿನ ಕಲ್ಲಿನಲ್ಲಿ ಶುರು ಮಾಡು, ನಂಬರು ಏರಿದಷ್ಟು ಕಲ್ಲು ನಯ. ಮುಂಗೈ ಕೂದಲು ಸಲೀಸಾಗಿ ಹೋಗುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡ. ಎಷ್ಟೋ ಜನ ಇಲ್ಲೇ ಅವಸರ ಮಾಡುತ್ತಾರೆ. ಆಮೇಲೆ 4000, 8000, ಕೊನೆಗೆ 12000. ಬೆನ್ನಿನ ನೆತ್ತಿಯಲ್ಲಿ ಚಿತ್ತಾರ ಇದ್ದರೆ ಮಸೆಯುವಾಗ ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕು. ಮಸೆದಷ್ಟು ದಿನವೂ ಹಾಕಬೇಕು, ಇಲ್ಲದಿದ್ದರೆ ಕೋನ ಬದಲಾಗುತ್ತದೆ. ಕೊನೆಗೆ ಚರ್ಮದ ಪಟ್ಟಿ, ಬೆನ್ನು ಮುಂದೆ ಬಾಯಿ ಹಿಂದೆ, 50-60 ಸಲ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸು. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯಿತು, ಬಾಯಿಯೂ ಹೋಯಿತು. ಮಾವನಿಗೆ ಕೊಡುವ ಮೊದಲು ನಿನ್ನ ಗಡ್ಡ ಅದರಲ್ಲೇ ಮಾಡಿಕೋ. ಕೆನ್ನೆ ಉರಿದರೆ ಮತ್ತೆ ಕಲ್ಲಿಗೆ. ಸರಿ ಅನ್ನಿಸಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಎತ್ತಿಡು. ಅಲ್ಲಿಂದಾಚೆಗೆ ಅದು ಅವರೊಬ್ಬರದೇ. ನಮ್ಮ ಅಂಗಡಿಗಳಲ್ಲಿ ಈಗ ಒಬ್ಬರಿಗೆ ಒಂದು ಅರ್ಧ ಬ್ಲೇಡ್ ಹಾಕುವುದೂ ಇದೇ ಕಾರಣಕ್ಕೆ, ರಕ್ತದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹೋಗಬಾರದು.

ಚಿಕ್ಕಬಳ್ಳಾಪುರದಿಂದ:

ಎಲ್ಲರಿಗೂ ಕೈ ಮುಗಿದೆ. ಬೆನ್ನಿನ ಪಕ್ಕದ ಚಿತ್ತಾರ ಕೈಬಿಟ್ಟೆ, ಕತ್ತಿನ ಮೇಲೆ ಮಾತ್ರ ಬಳ್ಳಿ. ಎರಡು ಪಟ್ಟಿ ತರುತ್ತೇನೆ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ಮಾವನ ಹಳೇ ಕತ್ತಿ ನೋಡಿದೆ ಅಣ್ಣ, ಮೂತಿಯ ಕಡೆಯೇ ಸವೆದಿದೆ. ಇನ್ನೊಂದು ವಿಷಯ. ಕಬ್ಬಿಣ, ಅದರಲ್ಲೂ ಕತ್ತಿ, ಕೈಯಿಂದ ಕೈಗೆ ಕೊಡಬಾರದು ಅಂತ ಅಜ್ಜಿ ಹೇಳುತ್ತಿದ್ದಾರೆ. ಸಂಬಂಧ ಕಡಿಯುತ್ತದಂತೆ. ನೀವೆಲ್ಲ ಹೇಗೆ ಕೊಟ್ಟಿರಿ?

ತುಮಕೂರಿನಿಂದ:

ನಮ್ಮಮ್ಮನೂ ಅದನ್ನೇ ಹೇಳಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಪಕ್ಕದಲ್ಲಿ ಕತ್ತಿ ಮಡಚಿ ಇಟ್ಟು, ಮಣೆಯ ಮೇಲೆ ಇಟ್ಟೆ. ಅಪ್ಪ ತಾವೇ ಎತ್ತಿಕೊಂಡರು. ಬಿಚ್ಚಿ ಬೆಳಕಿಗೆ ಹಿಡಿದು, ಬಳ್ಳಿ ನೋಡಲಿಲ್ಲ, ಬಾಯಿ ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಬಳ್ಳಿಯನ್ನು ಮಾರನೇ ದಿನ ಗಡ್ಡ ಮಾಡಿಕೊಂಡ ಮೇಲೆ ಕನ್ನಡಕ ಹಾಕಿಕೊಂಡು ನೋಡುತ್ತಾ ಕೂತಿದ್ದರು, ಎಷ್ಟೋ ಹೊತ್ತು. ಅಜ್ಜಿ ಮಾತಿನಂತೆಯೇ ಮಾಡಿ. ತಟ್ಟೆಯಲ್ಲಿ ಹೊಲಿಗೆ ಮಿಷನ್ ಎಣ್ಣೆಯ ಚಿಕ್ಕ ಸೀಸೆಯನ್ನೂ ಇಡಿ, ಬಳಸಿದ ಮೇಲೆ ಒರೆಸಿ ಒಂದು ಹನಿ ಹಚ್ಚಬೇಕು ಅಂತ ಮಾವನಿಗೆ ಹೇಳಿ. ಈ ಉಕ್ಕು ತುಕ್ಕು ಹಿಡಿಯುತ್ತದೆ.