ಸಹಾಯ ಬೇಕು: ಕೋಲ್ಟ್ 1860 ಆರ್ಮಿ ರಿವಾಲ್ವರ್, ಸಿಲಿಂಡರ್ ನಂಬರ್ ಮಾತ್ರ ಬೇರೆ

ನಮಸ್ಕಾರ. .44 ಕ್ಯಾಲಿಬರ್, 8 ಇಂಚಿನ ಬ್ಯಾರೆಲ್. ಬ್ಯಾರೆಲ್, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಬೆನ್ನುಪಟ್ಟಿ ನಾಲ್ಕರಲ್ಲೂ ಒಂದೇ ಸೀರಿಯಲ್ ನಂಬರ್, ಸಿಲಿಂಡರಿನದು (ಗುಂಡು ತುಂಬುವ, ತಿರುಗುವ ಭಾಗ) ಬೇರೆ. ಅಮೆರಿಕದ ಅಂತರ್ಯುದ್ಧದಲ್ಲಿ ರಿಪೇರಿಗೆ ಬಿಚ್ಚಿದಾಗ ಭಾಗಗಳು ಅದಲುಬದಲಾಗುತ್ತಿದ್ದವು. ಇದೂ ಆ ಕಾಲದ್ದೋ, ಇತ್ತೀಚೆಗೆ ಯಾರೋ ಜೋಡಿಸಿದ್ದೋ, ಹೇಗೆ ತಿಳಿಯುವುದು?

ಸಿಲಿಂಡರನ್ನು ಫ್ರೇಮಿನ ಬಣ್ಣಕ್ಕೆ ಹೋಲಿಸಿ ಪ್ರಯೋಜನವಿಲ್ಲ, ಅದು ಕೇಸ್ ಹಾರ್ಡನಿಂಗ್ (ಲೋಹದ ಮೇಲ್ಪದರವನ್ನು ಕಾಯಿಸಿ ಗಟ್ಟಿ ಮಾಡುವುದು, ಬಣ್ಣಬಣ್ಣದ ಮಚ್ಚೆ ಮೂಡುತ್ತದೆ) ಮಾಡಿದ್ದು. ಬ್ಯಾರೆಲ್ಲೂ ಸಿಲಿಂಡರೂ ನೀಲಿ ಲೇಪದವು. ಬ್ಯಾರೆಲ್ ಸಮನಾಗಿ ಕಂದಾಗಿದೆ, ಸಿಲಿಂಡರಿನಲ್ಲಿ ಕಲೆಕಲೆಯಾಗಿ ತುಕ್ಕು ಕೊರೆದಿದೆ. ಅದರ ಮೇಲಿನ 1843ರ ಕಂಪೀಚೆ ನೌಕಾಕದನದ ಚಿತ್ರ ಅರ್ಧ ಸವೆದಿದೆ. ಸವೆತ ಸಹಜವೋ, ಉಜ್ಜಿದ್ದೋ? ಹಿಡಿಯ ಮರದ ಮೇಲೆ ಸೇನಾ ತಪಾಸಣೆಯ ಮುದ್ರೆಯ ಅಂಚು ಮಾತ್ರ ಕಾಣುತ್ತದೆ; ಯಾರೋ ಮರಳುಕಾಗದ ಹಿಡಿದಿರಬೇಕು, ಪುಣ್ಯಾತ್ಮರು!

ಇನ್ನೊಂದು: ಎರಡು ನಿಪ್ಪಲ್ (ಸಿಲಿಂಡರಿನ ಪ್ರತಿ ಕೋಣೆಯ ಹಿಂದೆ ತಿರುಪಿ ಕೂರಿಸುವ, ಸಿಡಿಟೋಪಿ ಇಡುವ ಪುಟ್ಟ ಕೊಳವೆ) ತುಕ್ಕಿನಿಂದ ಕಚ್ಚಿಕೊಂಡಿವೆ. ಆರೂ ಕೋಣೆಗಳಿಗೆ ಮರದ ಕಡ್ಡಿ ಇಳಿಸಿ, ಹೊರಗಿನ ಅಳತೆಗೆ ತಾಳೆ ನೋಡಿಯಾಗಿದೆ, ಮದ್ದು ಉಳಿದಿಲ್ಲ. ತುಕ್ಕು ಬಿಡಿಸುವ ಎಣ್ಣೆಯಲ್ಲಿ ನಾಲ್ಕು ದಿನ ನೆನೆದರೂ ಕದಲಲಿಲ್ಲ. ನಿಪ್ಪಲ್ ತಿರುಗಿಸುವ ಕೀಲಿ (ಸ್ಪ್ಯಾನರ್) ಸಡಿಲವಿದ್ದರೆ ನಿಪ್ಪಲಿನ ಚಪ್ಪಟೆ ಬದಿ ಸವೆದು ಉರುಟಾಗುತ್ತದೆ, ಹಾಗಾಗಿ ಬಲ ಹಾಕಿಲ್ಲ. ಬೆಂಕಿ ತಾಗಿಸದೆ ಬಿಡಿಸುವ ದಾರಿ ಇದೆಯೇ? ಬಿಡದಿದ್ದರೆ ಹಾಗೇ ಇಡುವುದೇ ಮೇಲೇ?