ಬ್ಯಾಟರಿ ಡಂಪರ್ ಬಂದರೆ ಗಣಿ ನಿಜವಾಗ್ಲೂ ಹಸಿರಾಗುತ್ತಾ, ಇಲ್ಲ ಪಿಪಿಟಿಯಲ್ಲಿ ಮಾತ್ರವಾ?

ಮಾರತಹಳ್ಳಿ_ಮಂಜ
ಸಾಫ್ಟ್‌ವೇರ್ ಕೆಲಸ ನನ್ನದು. ಗಣಿಗಳಿಗೆ ಡ್ಯಾಶ್‌ಬೋರ್ಡ್ ಮಾಡುವ ಪ್ರಾಜೆಕ್ಟಿಗೆ ಈಗಷ್ಟೇ ಹಾಕಿದ್ದಾರೆ. ಡಂಪರ್ ಎಲ್ಲಿದೆ, ಎಷ್ಟು ಹೊತ್ತು ಸುಮ್ನೆ ನಿಂತಿತ್ತು, ಎಷ್ಟು ಡೀಸೆಲ್ ಕುಡಿಯಿತು, ಎಲ್ಲಾ ಪರದೆ ಮೇಲೆ ಬರುತ್ತೆ. ಮೀಟಿಂಗ್‌ನಲ್ಲಿ ಎಲ್ಲರದ್ದೂ ಒಂದೇ ರಾಗ, ಡೀಸೆಲ್ ತೆಗೆದು ಕರೆಂಟ್ ಹಾಕಿ, ನಾಲ್ಕು ಸೆನ್ಸರ್ ಕೂರಿಸಿ, ಗಣಿ ಹಸಿರಾಯ್ತು ಅಂತ. ನನಗ್ಯಾಕೋ ನಂಬಿಕೆ ಬರುತ್ತಿಲ್ಲ. ಆ ಕರೆಂಟ್ ಕೂಡ ಜಾಸ್ತಿ ಕಲ್ಲಿದ್ದಲು ಸುಟ್ಟೇ ಬರುವುದಲ್ವಾ? ಗಣಿ ಒಳಗೆ ದುಡಿದವರು ಯಾರಾದರೂ ಇದ್ದರೆ ನೇರವಾಗಿ ಹೇಳಿ.

ಹಳೇ_ಶಾಫ್ಟ್
ಗಣಿಗೆ ಕರೆಂಟ್ ಹೊಸದೇನಲ್ಲ ಸ್ವಾಮಿ. 1902ರಲ್ಲಿ ಶಿವನಸಮುದ್ರದಿಂದ ಲೈನ್ ಎಳೆದದ್ದೇ ಕೋಲಾರದ ಚಿನ್ನದ ಗಣಿಗೆ. ನಮ್ಮ ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ, ಆಮೇಲೆ. ಪಂಪು, ಶಾಫ್ಟ್ ಅನ್ನೋ ಆಳದ ಬಾವಿಯಲ್ಲಿ ಜನರನ್ನೂ ಅದಿರನ್ನೂ ಎತ್ತಿಳಿಸುವ ವೈಂಡರ್, ಕಂಪ್ರೆಸರ್ ಎಲ್ಲಾ ಯಾವತ್ತೋ ಕರೆಂಟಿಗೆ ಬಂದಿವೆ. ಡೀಸೆಲ್ ಉಳಿದಿರುವುದು ಗಾಲಿ ಮೇಲೆ ಓಡುವ ಯಂತ್ರಗಳಲ್ಲಿ.

ನಾನು ಅಂಡರ್‌ಗ್ರೌಂಡ್‌ನಲ್ಲಿ ಇದ್ದವನು. ಡೀಸೆಲ್ ಲೋಡರ್ ಹಿಂದೆ ಸ್ವಲ್ಪ ಹೊತ್ತು ನಿಂತರೆ ಕಣ್ಣುರಿ, ಮೂಗು ಒರೆಸಿದರೆ ಕರ್ಚೀಫು ಕಪ್ಪು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆ, ಎಂಜಿನ್ನಿನ ಶಾಖ ಎರಡನ್ನೂ ಹೊರಗೆ ತಳ್ಳೋಕೆ ದೊಡ್ಡ ದೊಡ್ಡ ಫ್ಯಾನ್ ಹಗಲೂ ರಾತ್ರಿ ಓಡಬೇಕು. ಬ್ಯಾಟರಿ ಲೋಡರ್ ಬಂದರೆ ಗಾಳಿ ಕಡಿಮೆ ಸಾಕು. ಗಾಳಿ 20 ಪರ್ಸೆಂಟ್ ಇಳಿಸಿದರೆ ಫ್ಯಾನಿನ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಫ್ಯಾನಿನ ಲೆಕ್ಕವೇ ಹಾಗೆ. ನಿಮ್ಮ ಸೆನ್ಸರ್ ಕೆಲಸಕ್ಕೆ ಬರುವುದೂ ಇಲ್ಲೇ. ಯಾವ ಲೆವೆಲ್‌ನಲ್ಲಿ ಜನ ಇದ್ದಾರೆ, ಯಂತ್ರ ಎಲ್ಲಿ ಓಡುತ್ತಿದೆ ನೋಡಿಕೊಂಡು ಅಲ್ಲಿಗೆ ಮಾತ್ರ ಗಾಳಿ ಬಿಡಬಹುದು. ಕೆನಡಾದ ಬೋರ್ಡನ್ ಚಿನ್ನದ ಗಣಿಯನ್ನು ಮೊದಲಿಂದಲೇ ಎಲೆಕ್ಟ್ರಿಕ್ ಯಂತ್ರ ಇಟ್ಟುಕೊಂಡು ಕಟ್ಟಿದರು, 2019ರಿಂದ ಅಲ್ಲಿ ಉತ್ಪಾದನೆ ನಡೀತಿದೆ.

ಲೆಕ್ಕದ_ಮೇಷ್ಟ್ರು
ಮಂಜ ಅವರ ಅನುಮಾನ ಸರಿಯಾಗೇ ಇದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ದೊಡ್ಡ ಎಂಜಿನ್ ಅದರಿಂದ ತೆಗೆಯುವ ಕೆಲಸ ಹತ್ತಿರ ಹತ್ತಿರ 4 ಯೂನಿಟ್. ಅಂದರೆ ಯೂನಿಟ್‌ಗೆ 0.7 ಕೆಜಿ ಆಸುಪಾಸು. ನಮ್ಮ ದೇಶದ ಗ್ರಿಡ್ ಕರೆಂಟೂ ಅಷ್ಟೇ ಇದೆ. ಸುಮ್ನೆ ಗ್ರಿಡ್‌ಗೆ ಪ್ಲಗ್ ಚುಚ್ಚಿದರೆ ಹೊಗೆ ಗಣಿಯಿಂದ ರಾಯಚೂರಿನ ಚಿಮಣಿಗೆ ಹೋಯ್ತು, ಅಷ್ಟೇ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಇದೆ, ನಿಜ, ಆದರೆ ನೈಟ್ ಶಿಫ್ಟಿಗೆ ಸೂರ್ಯ ಬರಲ್ಲ.

ಲಾಭ ಬರುವುದು ಇಳಿಜಾರಿನಲ್ಲಿ. 100 ಟನ್ ಅದಿರು 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 27 ಯೂನಿಟ್ ಶಕ್ತಿ ಸಿಗಬೇಕು. ಡೀಸೆಲ್-ಎಲೆಕ್ಟ್ರಿಕ್ ಡಂಪರ್, ಅಂದರೆ ಡೀಸೆಲ್ ಎಂಜಿನ್ನಿಂದ ಕರೆಂಟ್ ಹುಟ್ಟಿಸಿ ಮೋಟಾರಲ್ಲಿ ಗಾಲಿ ತಿರುಗಿಸುವ ಗಾಡಿ, ಅದನ್ನು ಏನು ಮಾಡುತ್ತೆ ಗೊತ್ತಾ? ಇಳಿಯುವಾಗ ಅದರ ಮೋಟಾರೇ ಜನರೇಟರ್ ಆಗುತ್ತೆ, ಹುಟ್ಟಿದ ಕರೆಂಟನ್ನೆಲ್ಲ ಕ್ಯಾಬಿನ್ ಪಕ್ಕದ ಪೆಟ್ಟಿಗೆಯ ತಂತಿಗಳಿಗೆ ಕೊಟ್ಟು ಕಾಯಿಸಿ, ಬ್ಲೋವರ್ ಹಾಕಿ ಭರ್ರ್ ಅಂತ ಗಾಳಿಗೆ ಊದಿಬಿಡುತ್ತೆ! ಬ್ಯಾಟರಿ ಇದ್ದರೆ ಇದರಲ್ಲಿ ಬಹುಪಾಲು ವಾಪಸ್ ಸಿಗುತ್ತೆ. ಸ್ವಿಟ್ಜರ್ಲೆಂಡಿನ ಒಂದು ಕ್ವಾರಿಯಲ್ಲಿ ಖಾಲಿ ಹತ್ತಿ, ತುಂಬಿಕೊಂಡು ಇಳಿಯುವ ಬ್ಯಾಟರಿ ಡಂಪರ್ ತನ್ನ ಚಾರ್ಜ್‌ನ ದೊಡ್ಡ ಪಾಲನ್ನು ತಾನೇ ಮಾಡಿಕೊಳ್ಳುತ್ತೆ. ಗುಂಡಿಯಿಂದ ಮೇಲಕ್ಕೆ ಹೊರುವ ಗಣಿಯಲ್ಲಿ ಈ ಲೆಕ್ಕ ಉಲ್ಟಾ. ಹಾಗಾಗಿ ಬ್ರೋಷರ್ ಬದಿಗಿಟ್ಟು ಮೊದಲು ರಸ್ತೆಯ ಏರಿಳಿತ ನೋಡಿ.

ಸಂಡೂರು_ಕಡೆಯವ
ನಮ್ಮ ಕಡೆ ಅದಿರು ಗುಡ್ಡದ ಮೇಲೇ ಇರೋದು, ಮೇಷ್ಟ್ರ ಲೆಕ್ಕ ಕೂತುಕೊಳ್ಳುತ್ತೆ. ಆದರೆ ಈಗ ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರೋ ನಾನು ಊರಲ್ಲಿದ್ದಾಗ ಕಂಡಿದ್ದು ಬೇರೆ. ಲಾರಿ ಓಡುವ ರಸ್ತೆ ಪಕ್ಕದ ಹೊಲದಲ್ಲಿ ಜೋಳದ ಗರಿ ಎಲ್ಲಾ ಕೆಂಪು. ದನ ಆ ಸೊಪ್ಪೆ ಮೂಸಿ ನೋಡಿ ಹಾಗೇ ಬಿಡುತ್ತಿದ್ದವು. ಡೀಸೆಲ್ ಲಾರಿ ಎಬ್ಬಿಸಿದರೂ ಬ್ಯಾಟರಿ ಲಾರಿ ಎಬ್ಬಿಸಿದರೂ ದೂಳು ದೂಳೇ. ಅದಕ್ಕೇ ನನ್ನ ಓಟು ಕನ್ವೇಯರ್‌ಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ 20 ಕಿಲೋಮೀಟರಿಗೂ ಉದ್ದದ ಪೈಪ್ ಕನ್ವೇಯರ್ ಹಾಕಿದ್ದಾರೆ, ಬೆಲ್ಟೇ ಸುತ್ತಿಕೊಂಡು ಅದಿರನ್ನು ಒಳಗಿಟ್ಟುಕೊಂಡು ಹೋಗುತ್ತೆ. ಅದೂ ಕರೆಂಟ್ ಮೇಲೇ ಓಡುವುದು, ಅಲ್ವಾ? ಬ್ಯಾಟರಿಯ ಗೋಜೇ ಇಲ್ಲ.

ಡಿಜಿಟಲ್ ವಿಷಯಕ್ಕೆ ಬಂದರೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನೇ ನಿಲ್ಲಿಸಿದ ಮೇಲೆ ಬಂದ ಇ-ಹರಾಜು, ಆನ್‌ಲೈನ್ ಪರ್ಮಿಟ್, ಲಾರಿಗೆ ಜಿಪಿಎಸ್, ಇವು ಮಾಡಿದಷ್ಟು ಉಪಕಾರ ಯಾವ ಎಐ ಕೂಡ ಇನ್ನೂ ಮಾಡಿಲ್ಲ. ಕದ್ದು ಸಾಗಿಸುವ ಅದಿರಿಗೆ ಎಲೆಕ್ಟ್ರಿಕ್ ಲಾರಿ ಕೊಟ್ಟು ಏನು ಪ್ರಯೋಜನ!

ಮಾರತಹಳ್ಳಿ_ಮಂಜ
ಇಷ್ಟು ಸಿಗುತ್ತೆ ಅಂತ ಅಂದುಕೊಂಡೇ ಇರಲಿಲ್ಲ, ಥ್ಯಾಂಕ್ಸ್. ಈಗಿರುವ ಸ್ಕ್ರೀನಿನಲ್ಲಿ ಒಟ್ಟು ಡೀಸೆಲ್ ಮಾತ್ರ ತೋರಿಸುತ್ತಿದ್ದೇವೆ. ಏನೇನು ಸೇರಿಸಲಿ?

ಲೆಕ್ಕದ_ಮೇಷ್ಟ್ರು
ಟನ್‌ಗೆ ಎಷ್ಟು ಲೀಟರ್ ಅಂತ ತೋರಿಸಿ, ಒಟ್ಟು ಲೀಟರ್ ಏನೂ ಹೇಳಲ್ಲ. ಏರಿನ ಟ್ರಿಪ್, ಇಳಿಜಾರಿನ ಟ್ರಿಪ್ ಬೇರೆ ಬೇರೆ ಇಡಿ. ಅದಿರು ಬಗೆದು ಡಂಪರ್‌ಗೆ ತುಂಬುವ ಶವಲ್ ಯಂತ್ರದ ಮುಂದೆ ಎಂಜಿನ್ ಆನ್ ಇಟ್ಟುಕೊಂಡು ಕ್ಯೂ ನಿಲ್ಲುವ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಅದನ್ನು ಇಳಿಸೋಕೆ ಹೊಸ ಡಂಪರ್ ಬೇಡ, ಯಾವ ಗಾಡಿ ಯಾವ ಶವಲ್‌ಗೆ ಹೋಗಬೇಕು ಅಂತ ಸರಿಯಾಗಿ ಹೇಳಿದರೆ ಸಾಕು.

ಸಂಡೂರು_ಕಡೆಯವ
ನೀರು ಚಿಮುಕಿಸುವ ಟ್ಯಾಂಕರ್ ಎಷ್ಟು ಗಂಟೆಗೆ ಎಲ್ಲಿ ಓಡಾಡಿತು, ಅದನ್ನೂ ಹಾಕಿ. ಜೊತೆಗೆ ಆ ಸ್ಕ್ರೀನು ಪಂಚಾಯ್ತಿಯವರಿಗೂ ಕಾಣೋ ಹಾಗೆ ಮಾಡೋಕಾಗುತ್ತಾ ಕೇಳಿ ನೋಡಿ.