ಮಾಲ್ಟ್ ಡ್ರಮ್ಮಿಗೆ ಯಾವ ಕಂಟ್ರೋಲರ್ ಹಾಕ್ಲಿ?

ಪ್ರಶ್ನೆ (ಮೈಸೂರು, ಕುವೆಂಪುನಗರ):
ಗುರುಗಳೇ, 30 ಲೀಟರ್ ಸ್ಟೀಲ್ ಡ್ರಮ್ಮಿಗೆ 3000 ವ್ಯಾಟ್ ಕಾಯಿಲ್ ಹಾಕ್ಸಿದ್ದೀನಿ, ಬಾರ್ಲಿ ಮಾಲ್ಟನ್ನ 66-67 ಡಿಗ್ರೀಲಿ ಒಂದ್ ಗಂಟೆ ನಿಲ್ಲಿಸ್ಬೇಕು, ಈಗ ಥರ್ಮಾಮೀಟರ್ ಹಿಡ್ಕೊಂಡು ಪಕ್ಕದಲ್ಲೇ ಕೂತು ಸ್ವಿಚ್ ಆನ್ ಆಫ್ ಮಾಡ್ತೀನಿ, ಮೊನ್ನೆ ಫೋನ್ ಬಂತು ಅಂತ ಎದ್ದೋದೆ, ಬರೋದ್ರೊಳಗೆ 78! ಎಸ್‌ಟಿಸಿ-1000 (ಬಿಸಿ ನೋಡಿ ತಾನೇ ಆನ್ ಆಫ್ ಮಾಡೋ ಡಬ್ಬಿ) ಸಾಕಾ, ಪಿಐಡಿ (ಬೇಕಾದ ಬಿಸಿ ಹತ್ರ ಬಂದಂಗೆ ಪವರ್ ಕಮ್ಮಿ ಮಾಡೋ ಕಂಟ್ರೋಲರ್) ಬೇಕಾ, ಇಲ್ಲ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಹಾಕೋದಾ?

ಉತ್ತರ 1:
ಎಸ್‌ಟಿಸಿ-1000 ರಿಲೇ (ಒಳಗಿನ ಸ್ವಿಚ್ಚು) 10 ಆಂಪ್ಸ್‌ದು ಸರ್, ನಿಮ್ ಕಾಯಿಲ್ 230 ವೋಲ್ಟಲ್ಲಿ 13 ಎಳೆಯತ್ತೆ. ನೇರ ಕೊಟ್ರೆ ರಿಲೇ ಅಂಟ್ಕೊಂಡು ಆಫೇ ಆಗ್ದೆ ಹೋಗ್ಬೋದು. ಪಿಐಡಿ, ಬಿಸಿ ಅಳೆಯೋ ಪಿಟಿ100 ಸೆನ್ಸರ್, 40 ಆಂಪ್ಸ್ ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ರಿಲೇ) ತಗೊಳ್ಳಿ, ಎಸ್‌ಎಸ್‌ಆರ್‌ಗೆ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಮರೀಬೇಡಿ, ನಾನು ಮರ್ತು ಒಂದ್ ಸುಟ್ಟಿದ್ದೀನಿ. ಆಟೋ ಟ್ಯೂನ್ (ಪಿಐಡಿ ತಾನೇ ಲೆಕ್ಕ ಹೊಂದಿಸ್ಕೊಳ್ಳೋದು) ಮಾಡೋವಾಗ ಖಾಲಿ ಡ್ರಮ್ಮಲ್ಲಿ ಬೇಡ, ದಿನಾ ಹಾಕೋಷ್ಟೇ ನೀರು ತುಂಬ್ಸಿ ಮಾಡಿ.

ಉತ್ತರ 2 (ಮಂಡ್ಯ):
ಪೈ ಗೀಯ್ ಎಲ್ಲಾ ಆಮೇಲೆ ನೋಡವ ಕಣಣ್ಣ, ಪಂಪ್ ಐತಾ? ನೀರು ತಿರುಗ್ದೆ ಇದ್ರೆ ತಳ ಒಂದ್ ಬಿಸಿ ಮೇಲೊಂದ್ ಬಿಸಿ, ಸೆನ್ಸರ್ ಯಾವ್ದು ಅಂತ ನಂಬುತ್ತೆ? ನಮ್ ಆಲೆಮನೇಲಿ ಕೊಪ್ಪರಿಗೆ ಕೈಯಾಡ್ಸೋದು ಬಿಟ್ರೆ ಪಾಕ ಸೀದೋಯ್ತದೆ, ಇದೂ ಅಂಗೇಯ. 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಇಲ್ದೆ ಆ ಡ್ರಮ್ ಮುಟ್ಲೇಬೇಡ. ಅಂದಂಗೆ ಬಿಯರಾದ್ರೆ ಲೈಸೆನ್ಸ್ ಇಲ್ದೆ ಮಾಡಂಗಿಲ್ಲ, ಅಬಕಾರಿಯೋರು ಬತ್ತರೆ 😄

ಪ್ರಶ್ನೆ ಕೇಳಿದವರು:
ಯೀಸ್ಟ್ ಹಾಕಲ್ಲಣ್ಣ, ಬರೀ ಮಾಲ್ಟ್ ಸಿರಪ್ಪು, ಮಕ್ಳು ಹಾಲಿಗೆ ಹಾಕ್ಕೋತಾರೆ. ಪಂಪ್ ಇಲ್ಲ, ಮೊದ್ಲು ಅದನ್ನೇ ತರ್ತೀನಿ. ಪಿಟಿ100 ಎರಡು ವೈರಿಂದಾ ಮೂರು ವೈರಿಂದಾ?

ಉತ್ತರ 1:
ಮೂರು ವೈರಿಂದು.